ಕೇಳುವ ಮುಖಗಳು: ಗಾಯಕಿಯ ಚಿತ್ರಕಥೆಯಲ್ಲಿ ಪ್ರೇಮಕ್ಕೆ ಎಲ್ಲಿ ಜಾಗ?

ಪ್ರಶ್ನೆ: ಹಿಂದುಸ್ತಾನಿ ಗಾಯಕಿಯೊಬ್ಬಳ ಬದುಕನ್ನು ಕುರಿತು ಚಿತ್ರಕಥೆ ಬರೆಯುತ್ತಿದ್ದೇನೆ. ಕಥೆ 1970ರ ದಶಕದ ಹುಬ್ಬಳ್ಳಿ-ಧಾರವಾಡದಲ್ಲಿ ನಡೆಯುತ್ತದೆ. ಪಾತ್ರಗಳು ಕಾಲ್ಪನಿಕ. ಓದಿದ ಸ್ನೇಹಿತರು ಎರಡು ಆಕ್ಷೇಪ ಎತ್ತಿದ್ದಾರೆ. ನಾಯಕಿ ಪ್ರತಿಭಾವಂತೆ ಎಂದು ಎಲ್ಲರೂ ಹೇಳುತ್ತಾರೆಯೇ ಹೊರತು ಅದು ದೃಶ್ಯದಲ್ಲಿ ಕಾಣುವುದಿಲ್ಲ ಎನ್ನುವುದು ಮೊದಲನೆಯದು. ಪ್ರೇಮದ ಭಾಗ ಬಂದಾಗ ಸಂಗೀತ ನಿಂತುಹೋಗುತ್ತದೆ, ಸಂಗೀತ ಬಂದಾಗ ಪ್ರೇಮ ನಿಂತುಹೋಗುತ್ತದೆ ಎನ್ನುವುದು ಎರಡನೆಯದು. ಇವೆರಡನ್ನೂ ಒಂದಾಗಿಸಿದ ಚಿತ್ರಗಳು ಯಾವುವು? ಅವು ಅದನ್ನು ಸಾಧಿಸಿದ್ದು ಹೇಗೆ? (ಧಾರವಾಡದ ಓದುಗರೊಬ್ಬರು)

ಉತ್ತರ: ನಿಮ್ಮ ಸ್ನೇಹಿತರು ಎತ್ತಿರುವ ಎರಡು ಆಕ್ಷೇಪಗಳು ನನ್ನ ದೃಷ್ಟಿಯಲ್ಲಿ ಒಂದೇ ಆಕ್ಷೇಪ. ಕಲಾವಿದರನ್ನು ಕುರಿತ ಚಿತ್ರಗಳನ್ನು ಬಹಳ ವರ್ಷಗಳಿಂದ ನೋಡುತ್ತ, ಅವುಗಳ ಚಿತ್ರಕಥೆಯನ್ನು ವಿದ್ಯಾರ್ಥಿಗಳೊಂದಿಗೆ ಬಿಡಿಸಿ ನೋಡುತ್ತ ಬಂದಿರುವ ನನಗೆ ಖಚಿತವಾಗಿರುವ ಸಂಗತಿ ಇದು: ಪ್ರತಿಭೆಯು ತೆರೆಯ ಮೇಲೆ ಕಾಣಿಸಿಕೊಳ್ಳುವುದು ಹಾಡುವವರ ಮುಖಕ್ಕಿಂತ ಹೆಚ್ಚಾಗಿ ಕೇಳುವವರ ಮುಖದಲ್ಲಿ. ಪ್ರೇಮಿಯನ್ನು ಆ ಕೇಳುಗನ ಜಾಗದಲ್ಲಿ ಕೂರಿಸಿದ ಚಿತ್ರಗಳಲ್ಲಿ ಪ್ರೇಮ ಮತ್ತು ಸಂಗೀತ ಬೇರೆ ಬೇರೆ ಎಳೆಗಳಾಗಿ ಉಳಿಯುವುದಿಲ್ಲ. ಆ ಕೇಳುವಿಕೆ ಕೆಟ್ಟ ಗಳಿಗೆಯಿಂದಲೇ ಸಂಘರ್ಷವೂ ಹುಟ್ಟಿಕೊಳ್ಳುತ್ತದೆ. ನೀವು ಕಳುಹಿಸಿದ ಕಥೆಯ ವಿವರಣೆಯಲ್ಲಿ ನಾಯಕಿಯ ಗಂಡನು ಆಕೆಯನ್ನು ಪ್ರೀತಿಸುತ್ತಾನೆ, ಆದರೆ ಅವನು ಎಂದಾದರೂ ಆಕೆಯ ಹಾಡನ್ನು ಕೇಳುತ್ತಾನೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ.

ಈ ಮಾತಿಗೆ ಭಾರತೀಯ ಚಿತ್ರಗಳಲ್ಲಿ ನನಗೆ ಸಿಕ್ಕಿರುವ ಅತ್ಯುತ್ತಮ ನಿದರ್ಶನವೆಂದರೆ ಹೃಷಿಕೇಶ್ ಮುಖರ್ಜಿಯವರು 1973ರಲ್ಲಿ ನಿರ್ದೇಶಿಸಿದ ‘ಅಭಿಮಾನ್’. ಸುಬೀರ್ ನಗರದ ಜನಪ್ರಿಯ ಗಾಯಕ. ಹಳ್ಳಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋದಾಗ ಉಮಾಳ ಹಾಡು ಕಿವಿಗೆ ಬೀಳುತ್ತದೆ. ಆ ಧ್ವನಿಯ ಹಿಂದೆಯೇ ಹೋಗಿ ಅವಳನ್ನು ಪ್ರೀತಿಸಿ ಮದುವೆಯಾಗುತ್ತಾನೆ. ಅಮಿತಾಭ್ ಬಚ್ಚನ್ ಮತ್ತು ಜಯಾ ಭಾದುರಿ ಈ ಪಾತ್ರಗಳಲ್ಲಿದ್ದಾರೆ. ಅವಳ ಸಂಗೀತವನ್ನು ಮೊದಲು ಗುರುತಿಸಿದ ಕಿವಿ ಗಂಡನದೇ ಎಂಬುದನ್ನು ಗಮನಿಸಿ. ಮದುವೆಯ ಆರತಕ್ಷತೆಯಲ್ಲಿ ಇಬ್ಬರೂ ಜೊತೆಯಾಗಿ ಹಾಡುತ್ತಾರೆ. ಅತಿಥಿಗಳ ನಡುವೆ ಕುಳಿತ ಸಂಗೀತ ಬಲ್ಲ ಹಿರಿಯರೊಬ್ಬರು, ಆ ಪಾತ್ರದಲ್ಲಿರುವವರು ನಟ ಡೇವಿಡ್, ಪಕ್ಕದಲ್ಲಿರುವವರೊಡನೆ ತಮ್ಮ ಆತಂಕ ಹೇಳಿಕೊಳ್ಳುತ್ತಾರೆ: ಈ ಹುಡುಗಿಯ ಪ್ರತಿಭೆ ಗಂಡನದಕ್ಕಿಂತ ದೊಡ್ಡದು, ಮುಂದೆ ಏನಾಗುವುದೋ ಎಂದು. ಈ ಹೊತ್ತಿಗೆ ನಾವೆಲ್ಲ ಆ ಜೋಡಿಯ ಸಂತೋಷದಲ್ಲಿ ಮುಳುಗಿರುತ್ತೇವೆ. ಅದೇ ಹಾಡನ್ನು ಕೇಳುತ್ತಿರುವ ಒಬ್ಬ ಮನುಷ್ಯ ಮಾತ್ರ ನಾವು ಕೇಳಿಸಿಕೊಳ್ಳದೆ ಬಿಟ್ಟಿದ್ದನ್ನು ಕೇಳಿಸಿಕೊಂಡಿದ್ದಾನೆ, ಮತ್ತು ಅವನ ಮಾತಿನ ನಂತರ ಆ ಹಾಡಿನ ಉಳಿದ ಭಾಗ ನಮಗೂ ಬೇರೆಯಾಗಿಯೇ ಕೇಳಿಸುತ್ತದೆ. ಇಡೀ ಚಿತ್ರದ ಸಂಘರ್ಷವನ್ನು ಒಂದೇ ಒಂದು ಜಗಳವೂ ಇಲ್ಲದೆ, ಸಂಭ್ರಮದ ಮನೆಯಲ್ಲಿಯೇ, ಒಬ್ಬ ರಸಿಕನ ಕಿವಿಯ ಮೂಲಕ ಬಿತ್ತಿದ ಆ ದೃಶ್ಯವನ್ನು ನಾನು ಎಷ್ಟು ಸಲ ನೋಡಿದರೂ ಗೌರವ ಕಡಿಮೆಯಾಗಿಲ್ಲ.

ಈ ದೃಶ್ಯದಲ್ಲಿ ಪ್ರತಿಭೆಯನ್ನು ಹೊಗಳುವ ಮಾತೂ ಇದೆಯಲ್ಲ, ಅದು ನಿಮ್ಮ ಸ್ನೇಹಿತರು ಆಕ್ಷೇಪಿಸಿದ ‘ಹೇಳುವಿಕೆ’ಯೇ ಅಲ್ಲವೇ ಎಂದು ನೀವು ಕೇಳಬಹುದು. ವ್ಯತ್ಯಾಸ ಇರುವುದು ಇಲ್ಲಿ: ಆ ಹಿರಿಯರ ಮಾತು ಹೊಗಳಿಕೆಯಾಗಿ ಬರುವುದಿಲ್ಲ, ಅಳುಕಾಗಿ ಬರುತ್ತದೆ. ‘ಎಷ್ಟು ಚೆನ್ನಾಗಿ ಹಾಡುತ್ತಾಳೆ’ ಎಂದು ಹತ್ತು ಪಾತ್ರಗಳು ಹೇಳಿದರೂ ನಂಬದ ಪ್ರೇಕ್ಷಕ, ಆ ಹಾಡಿನಿಂದ ಒಬ್ಬನ ಮನಸ್ಸು ಕಲಕಿತು, ಒಬ್ಬನಿಗೆ ಭಯವಾಯಿತು, ಒಬ್ಬನು ಎದ್ದು ಹೊರಗೆ ಹೋದನು ಎಂದು ತೋರಿಸಿದರೆ ತಕ್ಷಣ ನಂಬುತ್ತಾನೆ. ಹೊಗಳಿಕೆಗೆ ಬೆಲೆ ತೆರಬೇಕಾಗಿಲ್ಲ, ಅಸೂಯೆಗೆ ತೆರಬೇಕು. ಆದ್ದರಿಂದಲೇ ಅದು ಹೊಗಳಿಕೆಗಿಂತ ಪ್ರಾಮಾಣಿಕವಾದ ಸಾಕ್ಷಿ.

ಮುಂದೆ ಉಮಾಳ ಹೆಸರು ಸುಬೀರನ ಹೆಸರನ್ನು ದಾಟುತ್ತದೆ. ಗಂಡನ ಕಿವಿ ಮುಚ್ಚಿಕೊಳ್ಳುತ್ತ ಹೋಗುತ್ತದೆ. ಕುಡಿತ, ಮೌನ, ಬೇರೆ ಮನೆಯ ಸಹವಾಸ ಇವೆಲ್ಲ ಆಮೇಲೆ ಬರುವ ಹೊರಗಿನ ಲಕ್ಷಣಗಳು. ಉಮಾ ಹಾಡುವುದನ್ನು ಬಿಡುತ್ತಾಳೆ, ತವರಿಗೆ ಹೋಗುತ್ತಾಳೆ, ಗರ್ಭಪಾತವಾಗಿ ಮಾತೇ ಆಡದ ಸ್ಥಿತಿಗೆ ತಲುಪುತ್ತಾಳೆ. ಕೊನೆಗೆ ಸಭೆಯೊಂದರಲ್ಲಿ ಗಂಡನೇ ಹಾಡುತ್ತಾನೆ, ಅವಳು ಕೇಳುಗರ ನಡುವೆ ಕಲ್ಲಿನಂತೆ ಕುಳಿತಿರುತ್ತಾಳೆ, ಕಣ್ಣೀರು ಬರುತ್ತದೆ, ದನಿ ಕೂಡುತ್ತದೆ. ಆರಂಭದಲ್ಲಿ ಅವನು ಕೇಳಿದನು, ಅವಳು ಹಾಡಿದಳು. ಕೊನೆಯಲ್ಲಿ ಅವಳು ಕೇಳುತ್ತಾಳೆ, ಅವನು ಹಾಡುತ್ತಾನೆ. ರಚನೆಯ ದೃಷ್ಟಿಯಿಂದ ಇದು ನಿಜಕ್ಕೂ ಸುಂದರವಾದ ಕೆಲಸ. ಸಚಿನ್ ದೇವ್ ಬರ್ಮನ್ ಅವರ ಸಂಗೀತವೂ ಈ ರಚನೆಯನ್ನು ಅರಿತುಕೊಂಡೇ ಸಾಗುತ್ತದೆ: ನಾಯಕನಿಗೆ ಕಿಶೋರ್ ಕುಮಾರ್ ಮತ್ತು ಮಹಮ್ಮದ್ ರಫಿ ಇಬ್ಬರ ದನಿಗಳೂ ಬಳಕೆಯಾಗಿವೆ, ನಾಯಕಿಯ ಚಿತ್ರಗೀತೆಗಳಿಗೆಲ್ಲ ಲತಾ ಮಂಗೇಶ್ಕರ್ ಅವರ ಒಂದೇ ದನಿ. ಉದ್ದೇಶವಿದ್ದೋ ಇಲ್ಲದೆಯೋ, ಸ್ಥಿರವಾದ ದನಿ ಯಾರದು ಎಂಬುದು ಕಿವಿಗೆ ತಾನಾಗಿಯೇ ತಿಳಿಯುತ್ತದೆ.

ಆದರೂ ಈ ಚಿತ್ರದ ಅಂತ್ಯವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ, ಮತ್ತು ನೀವು ನಾಯಕಿಯ ಚಿತ್ರ ಬರೆಯುತ್ತಿರುವುದರಿಂದ ಈ ಅಸಮ್ಮತಿಯನ್ನು ಬಿಡಿಸಿ ಹೇಳುವುದು ನನ್ನ ಕರ್ತವ್ಯ. ಉಮಾಳ ಗಾಯನವು ಗಂಡನ ಪಶ್ಚಾತ್ತಾಪದ ಮೂಲಕವೇ ಮರಳಬೇಕಾಗುತ್ತದೆ. ಅವನು ತಪ್ಪು ತಿದ್ದಿಕೊಂಡನೇ ಎಂಬ ಪ್ರಶ್ನೆಗೆ ಚಿತ್ರ ಉತ್ತರಿಸುತ್ತದೆ; ಹಾಡದೆ ಇದ್ದ ಆ ತಿಂಗಳುಗಳಲ್ಲಿ ಅವಳೊಳಗಿನ ಸಂಗೀತಕ್ಕೆ ಏನಾಯಿತು ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಹಾಡುವುದನ್ನು ಬಿಟ್ಟ ಗಾಯಕಿಯೊಬ್ಬಳಿಗೆ ಬೆಳಗಿನ ಜಾವ ಎಚ್ಚರವಾದಾಗ ಗಂಟಲು ತಾನಾಗಿಯೇ ಷಡ್ಜವನ್ನು, ಆ ಆಧಾರ ಸ್ವರ ‘ಸ’ವನ್ನು, ಹುಡುಕುವುದಿಲ್ಲವೇ? ಒಲೆಯ ಮುಂದೆ ಕುಳಿತಾಗ ಬೆರಳು ತಾಳ ಎಣಿಸುವುದಿಲ್ಲವೇ? ತ್ಯಾಗವನ್ನು ತೋರಿಸುವ ಚಿತ್ರಗಳು ಅನೇಕ, ಆ ತ್ಯಾಗ ದಿನನಿತ್ಯ ಮೈಯೊಳಗೆ ಹೇಗೆ ನೋಯುತ್ತದೆ ಎಂದು ತೋರಿಸುವ ಚಿತ್ರಗಳು ವಿರಳ. ನಿಮ್ಮ ಕಥೆಗೆ ಇಲ್ಲಿ ದೊಡ್ಡ ಅವಕಾಶವಿದೆ.

ಕಥೆಯ ಇದೇ ಹಂದರವನ್ನು ಹಾಲಿವುಡ್ ‘ಎ ಸ್ಟಾರ್ ಈಸ್ ಬಾರ್ನ್’ ಎಂಬ ಹೆಸರಿನಲ್ಲಿ 1937, 1954, 1976 ಮತ್ತು 2018ರಲ್ಲಿ ನಾಲ್ಕು ಸಲ ಚಿತ್ರವಾಗಿಸಿದೆ. ಏರುತ್ತಿರುವ ಕಲಾವಿದೆ, ಇಳಿಯುತ್ತಿರುವ ಗಂಡ. ನಾಲ್ಕರಲ್ಲಿ ನೀವು ಕುಳಿತು ಅಭ್ಯಾಸ ಮಾಡಬೇಕಾದದ್ದು ಜಾರ್ಜ್ ಕ್ಯೂಕರ್ ನಿರ್ದೇಶನದ 1954ರ ಚಿತ್ರ. ಅದರಲ್ಲಿ, ಗಿರಾಕಿಗಳೆಲ್ಲ ಹೋದ ಮೇಲೆ, ಕುರ್ಚಿಗಳನ್ನು ಮೇಜುಗಳ ಮೇಲೆ ಎತ್ತಿಟ್ಟ ಸಣ್ಣ ಕ್ಲಬ್ಬಿನಲ್ಲಿ ಜೂಡಿ ಗಾರ್ಲೆಂಡ್ ತನ್ನ ವಾದ್ಯಗಾರರ ನಡುವೆ ನಿಂತು, ಯಾರನ್ನೂ ಮೆಚ್ಚಿಸಬೇಕಾಗಿಲ್ಲದ ಹೊತ್ತಿನಲ್ಲಿ, ತಮ್ಮ ಸಂತೋಷಕ್ಕೆ ಹಾಡುತ್ತಾಳೆ; ಹಾಡಿನ ಬಹುಪಾಲು ಒಂದೇ ದೀರ್ಘ ಶಾಟ್‌ನಲ್ಲಿ ನಡೆಯುತ್ತದೆ. ಜೇಮ್ಸ್ ಮೇಸನ್ ನಿರ್ವಹಿಸಿದ ನಾರ್ಮನ್ ಅವಳಿಗೆ ತಿಳಿಯದಂತೆ ಕೇಳುತ್ತಿರುತ್ತಾನೆ. ಹಾಡು ಮುಗಿದ ಮೇಲೆ ಅವನು ಅವಳ ರೂಪವನ್ನು ಹೊಗಳುವುದಿಲ್ಲ. ನಿನ್ನೊಳಗೆ ಏನಿದೆ ಎಂದು ನಿನಗೇ ತಿಳಿದಿಲ್ಲ ಎಂಬರ್ಥದಲ್ಲಿ ಅವಳ ಹಾಡಿನ ಬಗ್ಗೆಯೇ ಮಾತನಾಡುತ್ತಾನೆ. ಅವರ ಪ್ರೇಮ ಅಲ್ಲಿಯೇ ಆರಂಭವಾಗುತ್ತದೆ. ಮುಂದೆ ಅವಳಿಗೆ ಆಸ್ಕರ್ ಪ್ರಶಸ್ತಿ ಬಂದ ರಾತ್ರಿ, ಅವಳು ಕೃತಜ್ಞತೆ ಹೇಳುತ್ತಿರುವಾಗ, ಕುಡಿದು ವೇದಿಕೆಗೆ ಬಂದ ಅವನು ತನಗೆ ಕೆಲಸ ಬೇಕೆಂದು ಸಭೆಯ ಮುಂದೆ ಬೇಡುತ್ತ ಕೈ ಬೀಸಿದಾಗ ಆ ಕೈ ಅವಳ ಮುಖಕ್ಕೆ ತಾಗುತ್ತದೆ. ಅವಳ ಮಾತನ್ನು ಎಲ್ಲರಿಗಿಂತ ಮೊದಲು ಕೇಳಿಸಿಕೊಂಡಿದ್ದವನೇ ಇಂದು ಅವಳ ಮಾತನ್ನು ಮುಗಿಸಗೊಡುತ್ತಿಲ್ಲ. ಎರಡು ದೃಶ್ಯಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ, ನಡುವಿನ ಇಡೀ ದಾಂಪತ್ಯ ಅರ್ಥವಾಗುತ್ತದೆ. ಬಿಡುಗಡೆಯಾದ ಮೇಲೆ ನಿರ್ಮಾಣ ಸಂಸ್ಥೆ ಈ ಚಿತ್ರವನ್ನು 181 ನಿಮಿಷದಿಂದ 154 ನಿಮಿಷಕ್ಕೆ ಇಳಿಸಿತ್ತು. 1983ರಲ್ಲಿ ಕಳೆದುಹೋದ ಭಾಗಗಳಲ್ಲಿ ಸಿಕ್ಕವನ್ನು, ಸಿಗದ ಕಡೆ ಸ್ಥಿರಚಿತ್ರಗಳನ್ನು ಸೇರಿಸಿ ಪುನರ್ರೂಪಿಸಲಾಯಿತು. ಸಿಗುವುದಾದರೆ ಆ ಆವೃತ್ತಿಯನ್ನೇ ನೋಡಿ.

ಕೇಳುವುದಕ್ಕೆ ಬದಲಾಗಿ ನೋಡುವುದನ್ನೇ ಪ್ರೇಮವಾಗಿಸಿದ ಚಿತ್ರ ಗುರುದತ್ ಅವರ 1959ರ ‘ಕಾಗಜ್ ಕೆ ಫೂಲ್’. ಬೆಂಗಳೂರಿನಲ್ಲಿ ಹುಟ್ಟಿದ ನಿರ್ದೇಶಕ ಮತ್ತು ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿ ಸೇರಿ ಮಾಡಿದ ಈ ಚಿತ್ರದ ಮೇಲೆ ನಮಗೆ ಸ್ವಲ್ಪ ಹೆಚ್ಚಿನ ಮಮತೆ ಇದ್ದರೆ ತಪ್ಪೇನೂ ಅಲ್ಲ. ಕಥಾನಾಯಕ, ಚಿತ್ರ ನಿರ್ದೇಶಕ ಸುರೇಶ್ ಸಿನ್ಹಾ ಕೊಟ್ಟಿದ್ದ ಕೋಟನ್ನು ಹಿಂದಿರುಗಿಸಲು ಸ್ಟುಡಿಯೊಗೆ ಬಂದ ಶಾಂತಿ, ಚಿತ್ರೀಕರಣ ನಡೆಯುತ್ತಿದೆ ಎಂದು ತಿಳಿಯದೆ ಕ್ಯಾಮೆರಾದ ಮುಂದೆ ನಡೆದುಹೋಗುತ್ತಾಳೆ. ಆಮೇಲೆ ಆ ತುಣುಕನ್ನು ತೆರೆಯ ಮೇಲೆ ನೋಡುವಾಗ ಸುರೇಶ್ ಅವಳೊಳಗಿನ ನಟಿಯನ್ನು ಕಂಡುಕೊಳ್ಳುತ್ತಾನೆ. ಮುಂದೆ, ಖಾಲಿ ಸ್ಟುಡಿಯೊದಲ್ಲಿ ಮೇಲಿನಿಂದ ಓರೆಯಾಗಿ ಇಳಿದ ಬೆಳಕಿನ ಕೋಲಿನಡಿ ಇಬ್ಬರೂ ದೂರ ದೂರ ನಿಂತಿರುವಾಗ ಗೀತಾ ದತ್ ಅವರ ದನಿಯಲ್ಲಿ ಹಾಡು ಕೇಳಿಬರುತ್ತದೆ. ಇಬ್ಬರ ತುಟಿಗಳೂ ಅಲುಗುವುದಿಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಮೂರ್ತಿಯವರು ಆ ಬೆಳಕನ್ನು ಸಾಧಿಸಿದರು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರವಾದ ಇದರ ಅಗಲವಾದ ಚೌಕಟ್ಟು ಇಬ್ಬರ ನಡುವಿನ ಖಾಲಿ ಜಾಗವನ್ನು ಇನ್ನಷ್ಟು ಹಿಗ್ಗಿಸುತ್ತದೆ. ಚಿತ್ರ ಸೋತಿತು, ಅದರ ನಂತರ ಗುರುದತ್ ನಿರ್ದೇಶಕರಾಗಿ ತಮ್ಮ ಹೆಸರನ್ನು ಹಾಕಿಕೊಳ್ಳಲಿಲ್ಲ. ನಿಮಗೆ ಇಲ್ಲಿಂದ ಸಿಗುವ ಪಾಠ ಚಿಕ್ಕದು ಆದರೆ ಉಪಯುಕ್ತ: ಪ್ರೇಮದ ಎಲ್ಲ ಹಾಡನ್ನೂ ನಾಯಕಿಯೇ ಹಾಡಬೇಕೆಂದಿಲ್ಲ. ಗಾಯಕಿಯ ಚಿತ್ರದಲ್ಲಿ ಆಕೆ ಹಾಡದೆ ಸುಮ್ಮನೆ ನಿಂತ ಗಳಿಗೆಗೆ ಹೆಚ್ಚು ತೂಕವಿರುತ್ತದೆ.

ಈಗ ಕನ್ನಡಕ್ಕೆ ಬರುತ್ತೇನೆ. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 1966ರ ‘ಸಂಧ್ಯಾರಾಗ’ದಲ್ಲಿ ರಾಜ್‌ಕುಮಾರ್ ಸಂಗೀತಕ್ಕೆ ಒಲಿದ ಯುವಕನ ಪಾತ್ರ ಮಾಡಿದರು, ಪಂಡಿತ್ ಭೀಮಸೇನ ಜೋಶಿ ಮತ್ತು ಎಂ. ಬಾಲಮುರಳಿಕೃಷ್ಣ ಇಬ್ಬರೂ ಆ ಚಿತ್ರಕ್ಕೆ ಹಾಡಿದರು. ನಾದದೇವತೆಯನ್ನು ನಂಬಿ ಕರೆಯುವ ಗೀತೆಯೊಂದು ಅದರಲ್ಲಿ ಬೇರೆ ಬೇರೆ ಕಂಠಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ರಚನೆಯನ್ನು ಬದುಕಿನ ಬೇರೆ ಬೇರೆ ಘಟ್ಟಗಳಲ್ಲಿ ಮರಳಿಸುವ ಈ ಕ್ರಮ ನಿಮಗೆ ಬಹಳ ಬೇಕಾದದ್ದು, ಅದನ್ನು ಕೆಳಗೆ ವಿವರಿಸುತ್ತೇನೆ.

ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯಿಂದ ಬಂದ 1977ರ ‘ಸನಾದಿ ಅಪ್ಪಣ್ಣ’ ನಿಮ್ಮ ಸೀಮೆಯ ಓದುಗರಿಗೆ ಹೊಸದಾಗಿ ಪರಿಚಯಿಸಬೇಕಾದ ಚಿತ್ರವಲ್ಲ. ಅದರಲ್ಲಿನ ಶಹನಾಯಿ ಉಸ್ತಾದ್ ಬಿಸ್ಮಿಲ್ಲಾ ಖಾನ್ ಅವರದು. ತೆರೆಯ ಮೇಲೆ ರಾಜ್‌ಕುಮಾರ್ ಅವರ ಬೆರಳು, ಕೆನ್ನೆ ಮತ್ತು ಉಸಿರನ್ನು ಗಮನಿಸಿ. ನುಡಿಸುವವರು ಬೇರೆ ಎಂಬುದು ನೆನಪಿಗೆ ಬಾರದಷ್ಟು ಶ್ರದ್ಧೆ ಅಲ್ಲಿದೆ. ಆದರೆ ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ‘ಕರೆದರೂ ಕೇಳದೆ’ ಎಂಬ ಹಾಡಿನ ಕಡೆಗೆ. ಎಸ್. ಜಾನಕಿಯವರ ದನಿ ಶಹನಾಯಿಯೊಂದಿಗೆ ಸಾಗುತ್ತದೆ, ಜಯಪ್ರದಾ ಅದಕ್ಕೆ ನರ್ತಿಸುತ್ತಾರೆ. ಕರೆದರೂ ಕೇಳುವುದಿಲ್ಲವೇ ಎಂದು ಹಾಡಿನ ಮಾತು ಕೇಳುತ್ತಿರುವಾಗ, ನರ್ತಕಿಯ ಕಾಲುಗಳು ಶಹನಾಯಿಯ ಒಂದೊಂದು ತಿರುವನ್ನೂ ಕೇಳಿಸಿಕೊಂಡು ಉತ್ತರ ಕೊಡುತ್ತಿರುತ್ತವೆ. ಕೇಳುವಿಕೆ ಇಲ್ಲಿ ಕಾಲಿಗೆ ಇಳಿದಿದೆ. ವಾದಕನ ಪ್ರತಿಭೆ, ಅವಳ ಪ್ರತಿಭೆ, ಇಬ್ಬರ ನಡುವಿನ ಒಲವು ಮೂರೂ ಒಂದೇ ಹಾಡಿನಲ್ಲಿ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಪ್ರೇಮ ಬಂದಾಗ ಸಂಗೀತ ನಿಲ್ಲುತ್ತದೆ ಎಂಬ ನಿಮ್ಮ ಸಮಸ್ಯೆಗೆ ಇದಕ್ಕಿಂತ ಸ್ಪಷ್ಟವಾದ ಪರಿಹಾರ ನಮ್ಮ ಭಾಷೆಯಲ್ಲಿ ನನಗೆ ಕಂಡಿಲ್ಲ.

ಪುಟ್ಟಣ್ಣ ಕಣಗಾಲ್ ಅವರ 1981ರ ‘ರಂಗನಾಯಕಿ’ಯನ್ನೂ ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡಿ. ನಾಟಕ ಕಂಪನಿಯ ನಟಿಯನ್ನು ಮೆಚ್ಚಿ ಕೈಹಿಡಿದವನಿಗೆ ಆಮೇಲೆ ಆಕೆಯ ರಂಗವೇ ಬೇಡವಾಗುವ ಆ ಭಾಗವನ್ನು ಆರತಿಯವರ ಅಭಿನಯಕ್ಕಾಗಿಯಾದರೂ ನೋಡಲೇಬೇಕು.

ಪ್ರೇಮವನ್ನು ಕತ್ತರಿಸಿ ಎಸೆದ ಚಿತ್ರವೂ ಒಂದಿದೆ, 2014ರ ‘ವಿಪ್‌ಲ್ಯಾಶ್’. ಡ್ರಮ್ ಕಲಿಯುವ ಹುಡುಗ ಆಂಡ್ರ್ಯೂ, ತನ್ನ ಸಾಧನೆಗೆ ಅಡ್ಡಿಯಾಗುತ್ತದೆ ಎಂದು ಗೆಳತಿಯನ್ನು ಲೆಕ್ಕ ಒಪ್ಪಿಸಿದಷ್ಟು ತಣ್ಣಗೆ ಬಿಟ್ಟುಬಿಡುತ್ತಾನೆ. ಆ ಚಿತ್ರದಲ್ಲಿ ಅವನ ತಾಳದ ಕೂದಲೆಳೆಯಷ್ಟು ತಪ್ಪನ್ನೂ ಕೇಳಿಸಿಕೊಳ್ಳುವ ಕಿವಿ ಗುರುವಿನದು, ಆದರೆ ಆ ಕಿವಿಯಲ್ಲಿ ದಯೆ ಇಲ್ಲ. ತಂದೆಗೆ ದಯೆ ಇದೆ, ಸಂಗೀತದ ಕಿವಿ ಇಲ್ಲ. ಕೊನೆಯ ಕಛೇರಿಯಲ್ಲಿ ಮಗ ನುಡಿಸುತ್ತಿರುವುದನ್ನು ತಂದೆ ಬಾಗಿಲ ಸಂದಿಯಿಂದ ನೋಡುತ್ತಾನೆ. ಆ ಮುಖದಲ್ಲಿರುವುದು ಹೆಮ್ಮೆಯೋ, ಮಗ ಕೈತಪ್ಪಿ ಹೋದನೆಂಬ ಗಾಬರಿಯೋ ಹೇಳುವುದು ಕಷ್ಟ. ನನಗಂತೂ ಅಲ್ಲಿ ಗಾಬರಿಯೇ ಹೆಚ್ಚಾಗಿ ಕಾಣುತ್ತದೆ.

ಇನ್ನು ನಿಮ್ಮ ಚಿತ್ರಕಥೆಯ ಮಾತು. ನೀವು ಕಳುಹಿಸಿದ ವಿವರಣೆಯಲ್ಲಿ ನಾಯಕಿಯ ರಿಯಾಜ್ (ನಿತ್ಯದ ಸಂಗೀತಾಭ್ಯಾಸ) ಒಂದು ಹಾಡಿನ ಹಿನ್ನೆಲೆಯಲ್ಲಿ, ಋತುಗಳು ಬದಲಾಗುತ್ತ, ಮೂರು ನಿಮಿಷದಲ್ಲಿ ಮುಗಿಯುತ್ತದೆ ಎಂದಿದೆ. ದಯವಿಟ್ಟು ಅದನ್ನು ಬಿಡಿ. ವರ್ಷಗಳ ದುಡಿಮೆಯನ್ನು ಹಾಗೆ ಓಡಿಸಿದಾಗ ಪ್ರೇಕ್ಷಕನಿಗೆ ಶ್ರಮದ ಸುದ್ದಿ ತಲುಪುತ್ತದೆ, ಶ್ರಮ ತಲುಪುವುದಿಲ್ಲ. ಅದರ ಬದಲು ಒಂದೇ ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಆರಿಸಿಕೊಂಡು, ಅದರ ಒಂದೇ ಸಾಲನ್ನು ಇಡೀ ಚಿತ್ರದಲ್ಲಿ ಮೂರು ಕಡೆ, ಮೂವರು ಬೇರೆ ಬೇರೆ ಕೇಳುಗರ ಎದುರಿಗೆ ಇಡಿ. ಮೊದಲ ಸಲ ಗುರುವಿನ ಮುಂದೆ ತಾಲೀಮಿನಲ್ಲಿ: ಒಂದು ಸ್ವರ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ, ಗುರು ಏನೂ ಹೇಳದೆ ತಂಬೂರಿಯನ್ನು ಬದಿಗಿಡುತ್ತಾರೆ. ಎರಡನೆಯ ಸಲ ಮನೆಯಲ್ಲಿ, ಗಂಡ ಪಕ್ಕದ ಕೋಣೆಯಲ್ಲಿರುವಾಗ: ಸ್ವರ ನಿಲ್ಲುತ್ತದೆ, ಅವನ ಕೈಯಲ್ಲಿದ್ದ ಕೆಲಸವೂ ನಿಲ್ಲುತ್ತದೆ. ಮೂರನೆಯದು ಬೈಠಕ್ಕಿನಲ್ಲಿ, ನೂರು ಜನರ ನಡುವೆ: ಅದೇ ಸಾಲು, ಅದೇ ಸ್ವರ, ಎಲ್ಲರೂ ತಲೆದೂಗುವಾಗ ಅವನೊಬ್ಬನು ಕೆಳಗೆ ನೋಡುತ್ತಾನೆ. ಸಂಗೀತ ಕಲಿಯದ ಪ್ರೇಕ್ಷಕನೂ ಆ ಹೊತ್ತಿಗೆ ಆ ಸಾಲನ್ನು ಬಲ್ಲವನಾಗಿರುತ್ತಾನೆ, ಸ್ವರ ಎಲ್ಲಿ ನಿಲ್ಲಬೇಕು ಎಂದು ಕಾಯುತ್ತಿರುತ್ತಾನೆ. ಪ್ರೇಕ್ಷಕನನ್ನೇ ಕೇಳುಗನನ್ನಾಗಿ ಬೆಳೆಸಿದ ಮೇಲೆ ಆಕೆಯ ಪ್ರತಿಭೆಯ ಬಗ್ಗೆ ಯಾವ ಪಾತ್ರವೂ ಬಾಯಿ ತೆರೆಯಬೇಕಾಗಿಲ್ಲ.

ಗಂಡನ ಪಾತ್ರವನ್ನು ದುಷ್ಟನನ್ನಾಗಿ ಬರೆಯಬೇಡಿ. ಅವನು ಸಂಗೀತ ತಿಳಿಯದ ಶಾಲಾ ಶಿಕ್ಷಕ ಎಂದು ಬರೆದಿದ್ದೀರಿ. ಅದು ಬಹಳ ಒಳ್ಳೆಯ ಆಯ್ಕೆ. ಮದುವೆಯಾದ ಹೊಸದರಲ್ಲಿ ಆಕೆ ತಂಬೂರಿಯ ಶ್ರುತಿ ಕೂಡಿಸುವಾಗ, ಇಷ್ಟು ಹೊತ್ತು ಒಂದೇ ತಂತಿಯನ್ನು ಏಕೆ ಮೀಟುತ್ತಾಳೆ ಎಂದು ಅವನಿಗೆ ಅರ್ಥವಾಗುವುದಿಲ್ಲ. ವರ್ಷ ಕಳೆದ ಮೇಲೆ ಒಂದು ದಿನ, ಪತ್ರಿಕೆ ಓದುತ್ತ ಕುಳಿತವನು ಪಂಚಮದ (‘ಪ’ ಸ್ವರದ) ತಂತಿ ಸ್ವಲ್ಪ ಇಳಿದಿದೆ ಎಂದು ತಿಳಿದು ತಾನಾಗಿಯೇ ತಲೆ ಎತ್ತುತ್ತಾನೆ. ಆಕೆ ಅದನ್ನು ನೋಡುತ್ತಾಳೆ, ಇಬ್ಬರೂ ಏನೂ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಚಿತ್ರದ ಪ್ರೇಮದೃಶ್ಯ ಇದು, ಮತ್ತು ಮುಂದಿನ ಸಂಕಟದ ಬೀಜವೂ ಇದರಲ್ಲಿಯೇ ಇದೆ. ಏಕೆಂದರೆ ಕೇಳುವುದನ್ನು ಕಲಿತವನಿಗೆ ಮಾತ್ರ ಆಕೆ ತನ್ನಿಂದ ಎಷ್ಟು ದೂರ, ಎಷ್ಟು ಎತ್ತರ ಹೋಗುತ್ತಿದ್ದಾಳೆ ಎಂಬುದು ಕೇಳಿಸುತ್ತದೆ.

ನಿಮ್ಮ ಸುತ್ತಲಿನ ನೆಲದಲ್ಲಿಯೇ ಇದಕ್ಕೆ ಆಧಾರವಾಗುವ ನಿಜಸಂಗತಿಗಳಿವೆ. ಗಂಗೂಬಾಯಿ ಹಾನಗಲ್ ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದುಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ಆ ತಾಯಿ ತಮ್ಮ ಹಾಡುಗಾರಿಕೆಯನ್ನೇ ಬಿಟ್ಟರು. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ತಮ್ಮ ದನಿ ಗಡುಸಾದಾಗ ಆ ದನಿಯನ್ನೇ ತಮ್ಮದಾಗಿಸಿಕೊಂಡು ಹಾಡಿದರು. ಅವರ ಬದುಕನ್ನು ನಿಮ್ಮ ನಾಯಕಿಗೆ ತೊಡಿಸಬೇಡಿ, ಅದು ಅವರಿಗೂ ನಿಮ್ಮ ಕಥೆಗೂ ನ್ಯಾಯವಾಗುವುದಿಲ್ಲ. ಆದರೆ ಮನೆಯೊಳಗಿನ ಒಬ್ಬಳು ತನ್ನ ಹಾಡನ್ನು ನಿಲ್ಲಿಸಿ ಇನ್ನೊಬ್ಬಳ ಹಾಡಿಗೆ ಕಿವಿಯಾಗುವುದು ಎಂದರೆ ಏನು ಎಂಬುದನ್ನು ಯೋಚಿಸಿ. ನಿಮ್ಮ ಕಥೆಯಲ್ಲಿ ನಾಯಕಿಯ ತಾಯಿಗೆ ಎರಡೇ ದೃಶ್ಯಗಳಿವೆ, ಎರಡರಲ್ಲಿಯೂ ಆಕೆ ಅಡುಗೆ ಮಾಡುತ್ತಿದ್ದಾಳೆ. ಆ ಅಡುಗೆಮನೆಯಿಂದ ಮಗಳ ದನಿ ಆಕೆಗೆ ಹೇಗೆ ಕೇಳಿಸುತ್ತದೆ ಎಂಬುದನ್ನು ಬರೆದರೆ ಆ ಪಾತ್ರ ಎದ್ದು ನಿಲ್ಲುತ್ತದೆ.

ಚಿತ್ರೀಕರಣಕ್ಕೆ ಸಂಬಂಧಿಸಿದ ಒಂದು ಸಲಹೆಯನ್ನು ಚಿತ್ರಕಥೆಯ ಹಂತದಲ್ಲಿಯೇ ಗುರುತು ಹಾಕಿಕೊಳ್ಳಿ. ಗಾಯನವನ್ನು ಮೊದಲು ಧ್ವನಿಮುದ್ರಿಸಿ, ನಟಿಯು ಗಾಯಕಿಯ ಎದುರಿಗೆ ಕುಳಿತು ಅವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಕೈ ಯಾವಾಗ ಏಳುತ್ತದೆ ಎಂಬುದನ್ನು ಕಲಿಯುವಂತೆ ಮಾಡಬೇಕು. ತುಟಿಯ ಚಲನೆ ಸರಿಯಾಗಿದ್ದು ಉಸಿರು ತಪ್ಪಿದರೆ ಧಾರವಾಡದ ಪ್ರೇಕ್ಷಕರು ಮೊದಲ ಆಲಾಪದಲ್ಲಿಯೇ ಅದನ್ನು ಗುರುತಿಸುತ್ತಾರೆ. ಆ ಊರಿನ ಕಿವಿ ಅಂಥದ್ದು.

ಕೊನೆಯ ದೃಶ್ಯದಲ್ಲಿ ನಾಯಕಿಗೆ ದೊಡ್ಡ ಪ್ರಶಸ್ತಿ ಬರುತ್ತದೆ, ಗಂಡ ಸಭೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾನೆ ಎಂದು ಬರೆದಿದ್ದೀರಿ. ಅದನ್ನು ತೆಗೆದು, ಅವರನ್ನು ಸಭೆ ಮುಗಿದ ಮೇಲೆ ಮನೆಗೆ ಕರೆತನ್ನಿ. ರಾತ್ರಿ ಹೊತ್ತಾಗಿದೆ, ಆಕೆ ದಣಿದು ಮಲಗಿದ್ದಾಳೆ. ಅವನು ತಂಬೂರಿಗೆ ಗವಸು ಹಾಕುವ ಮೊದಲು ಒಂದು ಸಲ ಪಂಚಮದ ತಂತಿಯನ್ನು ಮೀಟಿ ನೋಡುತ್ತಾನೆ. ಒಳಗಿನಿಂದ ಆಕೆ, ಕಣ್ಣು ತೆರೆಯದೆ, ‘ಇನ್ನೂ ಸ್ವಲ್ಪ ಏರಿಸ್ರಿ’ ಎನ್ನುತ್ತಾಳೆ.